ಸೂಗವ್ವನ ಹೆಸರಿನ ಒಡತಿ

ರಾಯಚೂರಿನಲ್ಲಿ ಯಾರಾದರೂ ಬಾಯಿ ತುಂಬ ನಕ್ಕರೆ ಆ ನಗುವಿನಲ್ಲಿ ಒಂದೆರಡು ಹಲ್ಲಾದರೂ ಸುಜಾತಾ ಮಾಡಿದ್ದಿರಬಹುದು. ಮಹಮ್ಮದ್ ಹುಸೇನರ ದಂತ ಲ್ಯಾಬಿನಲ್ಲಿ ಆಕೆ ಹತ್ತಾರು ವರ್ಷ ಮೇಣದಲ್ಲಿ ಹಲ್ಲು ಕೆತ್ತಿದಳು. ಡಾಕ್ಟರರು ಬಾಯಿಯ ಅಚ್ಚು ಕಳಿಸುತ್ತಿದ್ದರು. ಈಕೆ ಮೇಣ ಕರಗಿಸಿ, ಸೂಜಿಯಂಥ ಉಳಿಯಿಂದ ಒಂದೊಂದು ಹಲ್ಲಿನ ಉಬ್ಬುತಗ್ಗು ತೀಡಿ ಎರಕಕ್ಕೆ ಕೊಡುತ್ತಿದ್ದಳು. ಹಲ್ಲು ಕಟ್ಟಿಸಿಕೊಂಡವರು ಕಡಲೆ ಕಡಿಯುತ್ತ ಡಾಕ್ಟರರನ್ನು ಹೊಗಳುತ್ತಿದ್ದರು. ಆಗಲಿ, ಹೊಗಳಲಿ. ಸುಜಾತಾ ಅದಕ್ಕೆ ಮುಖ ಸಣ್ಣದು ಮಾಡಿಕೊಂಡವಳಲ್ಲ.

ತನ್ನ ಹೆಸರಿನ ಬಗ್ಗೆ ಅಷ್ಟು ನಿರಾಳವಾಗಿದ್ದ ಹೆಂಗಸಿಗೆ ಇನ್ನೊಂದು ಹೆಸರಿನ ಮೇಲೆ ಮಾತ್ರ ಜೀವ. ಅದು ಅವಳ ತಾಯಿಯ ಹೆಸರು.

ತಾಯಿ ಸೂಗಮ್ಮ, ಓಣಿಯವರ ಬಾಯಲ್ಲಿ ಸೂಗವ್ವ, ಮಾನ್ವಿಯ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವಳು. ಹುಟ್ಟಿದ್ದು ಮಲ್ಲಟದ ಕೂಲಿಯವರ ಮನೆಯಲ್ಲಿ. ಗಂಡ ಬೇಗ ಹೋದ. ಭತ್ತದ ನಾಟಿಗೆ ಬೆನ್ನು ಬಗ್ಗಿಸಿ ಒಬ್ಬಳೇ ಮಗಳನ್ನು ಓದಿಸಿದಳು. ನಡುವಯಸ್ಸಿನಲ್ಲಿ ಅಕ್ಷರ ಕಲಿತು, ಹೆಬ್ಬೆಟ್ಟು ಬಿಟ್ಟು ದಸ್ಕತ್ತು ಹಾಕತೊಡಗಿದಳು. ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಓಣಿಯ ಮಕ್ಕಳೆಲ್ಲ ಆಕೆಯ ಅಂಗಳದಲ್ಲಿ. ಎರೆಮಣ್ಣು ನಾದಿ ಎಲ್ಲರಿಗೂ ಎತ್ತು ಮಾಡಿ ಕೊಡುತ್ತಿದ್ದಳು. ಆಕೆ ಮಾಡಿದ ಎತ್ತನ್ನು ಯಾರಾದರೂ ಗುರುತು ಹಿಡಿಯಬಹುದಿತ್ತು. ಬೆನ್ನಿನ ಡುಬ್ಬ ದೊಡ್ಡದು, ಕತ್ತು ಒಂದಿಷ್ಟು ಓರೆ, ನೊಗ ಒಲ್ಲೆ ಅನ್ನುವ ಹಾಗೆ. ಸುಜಾತಾಳ ಕೈ ಪಳಗಿದ್ದು ಆ ಅಂಗಳದಲ್ಲೇ.

ಇನ್ನು ಮಲ್ಲಿಕಾ. ದೇವದುರ್ಗದ ಒಕ್ಕಲುಮನೆಯ ಹುಡುಗಿ, ರಾಯಚೂರಿನ ಹಾಸ್ಟೆಲಿನಲ್ಲಿ ಸುಜಾತಾಳ ಕೋಣೆಯವಳು. ಮಾತಿನ ಮಲ್ಲಿ. ರಜೆ ಬಂದರೆ ತನ್ನೂರಿನ ಬಸ್ಸು ಬಿಟ್ಟು ಮಾನ್ವಿಯ ಬಸ್ಸು ಹತ್ತುತ್ತಿದ್ದಳು. ಸೂಗಮ್ಮನ ಒಲೆಯ ಮುಂದೆ ಕುಳಿತು ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದಳು. ಮಗಳು ಯಾವ ಓಣಿಯಲ್ಲಿ ಉಣ್ಣುತ್ತಾಳೆಂದು ಗೊತ್ತಾದರೆ ದೇವದುರ್ಗದ ಮನೆಯಲ್ಲಿ ರಂಪವಾಗುತ್ತಿತ್ತು. ಗೊತ್ತಿದ್ದೂ ಅವಳು ಉಂಡಳು, ಸೂಗಮ್ಮನನ್ನು 'ಯವ್ವಾ' ಎಂದಳು. ಇದೊಂದಕ್ಕೇ ಸುಜಾತಾ ಅವಳಿಗೆ ಜನ್ಮವಿಡೀ ಸೋತಿದ್ದಳು.

ಓದು ಮುಗಿದು ವರ್ಷಗಳಾದ ಮೇಲೆ ಒಂದು ದಿನ ಇದೇ ಮಲ್ಲಿಕಾ ಲ್ಯಾಬಿಗೆ ಬಂದು ಫೋನು ಮುಂದೆ ಹಿಡಿದಳು.

"ನೋಡ್ಲೇ, ಮೀಸಿ ಬಂದ ಗಂಡಸರು ಗೊಂಬಿ ಆಡಾಕತ್ತಾರ!"

ಆಟವೆಂದರೆ ಇಷ್ಟು. ದೊಡ್ಡ ಮೇಜಿನ ಮೇಲೆ ಗುಡ್ಡ, ಹೊಳೆ, ಕೋಟೆ ಮಾಡುತ್ತಾರೆ. ಒಂದಂಗುಲ ಎತ್ತರದ ಸೈನಿಕರನ್ನು ಎದುರುಬದುರು ನಿಲ್ಲಿಸಿ, ದಾಳ ಉರುಳಿಸಿ ಯುದ್ಧ ನಡೆಸುತ್ತಾರೆ. ವಿದೇಶದಲ್ಲಿ ಇದರ ಹುಚ್ಚು ಬಲು ಜೋರು. ಹೈದರಾಬಾದು, ಪುಣೆಗಳಲ್ಲೂ ಗುಂಪುಗಳಿವೆ. ಸೈನಿಕರನ್ನು ಎರಕ ಹೊಯ್ದು ಮಾರುವ ಕಂಪನಿಗಳು ಬೇರೆ. ಸುಜಾತಾ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡಳು.

"ಇವರ ಮೂಗು ನೋಡು, ಒಣಮೆಣಸಿನಕಾಯಿ ಆದಂಗ ಆಗ್ಯಾವ. ಬೆರಳಂತೂ ಇಲ್ಲೇ ಇಲ್ಲ. ಇದಕ್ಕಿಂತ ಛಲೋ ನಾ ಮಾಡ್ತೀನಿ."

"ನೀ ಮಾಡು. ಮಾರೂದು ನನಗ ಬಿಡು."

ಹಾಗೆ ಶುರುವಾಯಿತು. ರಾಯಚೂರು ಕೋಟೆಗಾಗಿ ಹಿಂದೆ ನಡೆದ ಕಾಳಗವನ್ನೇ ಸುಜಾತಾ ಮೇಣದಲ್ಲಿ ಹಿಡಿದಳು. ಕೋಟೆಗೋಡೆಯಲ್ಲಿ ಉದ್ದನೆ ಕಲ್ಲು ಹೊತ್ತ ಬಂಡಿಯ ಕೆತ್ತನೆ ಇದೆಯಲ್ಲ, ಅದರ ಮುಂದೆ ಗಂಟೆಗಟ್ಟಲೆ ನಿಂತಳು. ತೋಪು ಹಾರಿಸುವವರು, ನೀರಿನ ಚೀಲ ಹೊತ್ತವರು, ದೀವಟಿಗೆಯವರು ಒಬ್ಬೊಬ್ಬರೇ ಹುಟ್ಟಿದರು. ತೋಪು ಎಳೆಯಲು ಎತ್ತು ಬೇಕಲ್ಲ? ಅವ್ವನ ಎತ್ತನ್ನೇ ಮಾಡಿದಳು, ದೊಡ್ಡ ಡುಬ್ಬ, ಓರೆ ಕತ್ತು. ಜಗತ್ತಿಗೆ ಹಿಡಿಸಿದ್ದು ಆ ಎತ್ತುಗಳೇ. ಎಲ್ಲೆಲ್ಲಿಯವರೋ ಬರೆದು ತರಿಸಿಕೊಂಡರು.

ಕಂಪನಿಗೆ ಹೆಸರೇನು ಎಂಬ ಮಾತು ಬಂದಾಗ ಸುಜಾತಾ ಯೋಚಿಸಲೇ ಇಲ್ಲ.

"ಸೂಗವ್ವ."

ಮಲ್ಲಿಕಾ ಜಂಬಕ್ಕೆ ಅದರ ಮುಂದೆ, ದಂಡು ಎಂಬ ಅರ್ಥದ ಒಂದು ಇಂಗ್ಲಿಷ್ ಪದವನ್ನೂ ಅಂಟಿಸಿದಳು. ಇಬ್ಬರೂ ಮಾನ್ವಿಗೆ ಹೋಗಿ ಡಬ್ಬಿ ತೋರಿಸಿದರೆ ಸೂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಂದೇನು ಹೆಸರು, ಇನ್ಯಾವುದೂ ಸಿಗಲಿಲ್ಲೇನು ಎಂದು ಬೈದಳು. ಬೈಯುತ್ತಲೇ ಆ ಡಬ್ಬಿಯನ್ನು ಬುದ್ಧನ ಪಟದ ಪಕ್ಕಕ್ಕೆ ಇಟ್ಟಳು.

ಈ ಧಂದೆಯಲ್ಲಿ ಒಂದು ಪದ್ಧತಿ ಇದೆ. ಪ್ರತಿ ಗೊಂಬೆಯ ಕಾಲಡಿಯ ಬಿಲ್ಲೆಯಲ್ಲಿ, ಕೆಳಮುಖವಾಗಿ, ತಯಾರಕರ ಹೆಸರನ್ನು ಎರಕದಲ್ಲೇ ಮೂಡಿಸುತ್ತಾರೆ. ನಕಲಿ ಮಾಲು ಹಿಡಿಯಲು ಅದೇ ದಾರಿ. ಮಲ್ಲಿಕಾ ಅದನ್ನು ಹೇಳಿದಾಗ ಸುಜಾತಾ ಉಳಿ ಕೆಳಗಿಟ್ಟಳು.

"ಅವ್ವನ ಹೆಸರು ಸಿಪಾಯಿ ಕಾಲಾಗ? ನಮ್ಮ ಮಂದಿ ಇನ್ನೂ ಎಷ್ಟು ದಿನ ಕಾಲಾಗ ಇರಬೇಕಬೇ? ಆಗೂದಿಲ್ಲ."

ಮಲ್ಲಿಕಾ ಸುಜಾತಾಳ ಕೈ ಹಿಡಿದು, "ಖರೇ ಅದ. ನಿಮ್ಮವ್ವ ನನಗೂ ಅವ್ವನ ಅಲ್ಲೇನು? ಬ್ಯಾಡ ಬಿಡು," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಆ ನೀರು ಸುಳ್ಳಲ್ಲವೆಂದು ಸುಜಾತಾ ಇವತ್ತಿಗೂ ನಂಬುತ್ತಾಳೆ. ಆಕೆಗೆ ಇವತ್ತಿಗೂ ಸಿಟ್ಟು ಬರುವುದೂ ಅದಕ್ಕೇ.

ಬಿಲ್ಲೆಗಳು ಬೋಳಾಗಿಯೇ ಉಳಿದವು. ಹೆಸರು ಡಬ್ಬಿಯ ಮೇಲೆ ಮಾತ್ರ. ಡಬ್ಬಿ ಅಚ್ಚು ಹಾಕಿಸುವವಳು ಮಲ್ಲಿಕಾ. ಆನ್‌ಲೈನ್ ಅಂಗಡಿ, ಕೊರಿಯರ್, ತೆರಿಗೆಯ ನೋಂದಣಿ ಎಲ್ಲ ಮಲ್ಲಿಕಾಳ ದೇವದುರ್ಗದ ಮನೆಯ ವಿಳಾಸದಲ್ಲಿ. ಸುಜಾತಾ ಇನ್ನೂ ಲ್ಯಾಬಿನ ನೌಕರಿಯಲ್ಲಿದ್ದಳು, ಎರಡು ಕಡೆ ಕಾಗದಪತ್ರ ಯಾರು ನೋಡಬೇಕು? ವ್ಯಾಪಾರ ಕುದುರಿ ಆಕೆ ನೌಕರಿ ಬಿಟ್ಟ ಮೇಲೂ ಹಾಗೆಯೇ ನಡೆಯಿತು. ಗೆಳತಿಯ ಹತ್ತಿರ ಲೆಕ್ಕ ಕೇಳುವುದುಂಟೆ?

ಮೊದಲ ಪೆಟ್ಟು ಹೊರಗಿನಿಂದ ಬಂತು. ಇಂಥವೇ ಗೊಂಬೆ ಮಾರುವ ವಿದೇಶದ ದೊಡ್ಡ ಕಂಪನಿಯೊಂದು, ಡಬ್ಬಿಯ ಮೇಲಿನ ಆ ಇಂಗ್ಲಿಷ್ ಪದ ತನ್ನ ಸೊತ್ತೆಂದು ನೋಟಿಸು ಕಳಿಸಿತು. ದಂಡು ಎಂಬ ಮಾತಿಗೆ ಒಡೆಯರು! ನಾಳೆ ಸಂತೆ ಎಂಬ ಮಾತನ್ನೂ ಯಾರೋ ಬರೆಸಿಕೊಂಡರೆ ನಾವು ಎಲ್ಲಿಗೆ ಹೋಗಿ ಬದನೆಕಾಯಿ ತರಬೇಕೋ. ಸುಜಾತಾಗೆ ಅನ್ನ ಸೇರಲಿಲ್ಲ. ಮಾನ್ವಿಗೆ ಹೋಗಿ ಅವ್ವನ ಮುಂದೆ ಅತ್ತೂ ಬಂದಳು. ಕೊನೆಗೆ ಆ ಪದ ಕಿತ್ತುಹಾಕಿ ಬರೀ 'ಸೂಗವ್ವ' ಎಂದು ಉಳಿಸಿಕೊಂಡರು. ತಕರಾರು ತಣ್ಣಗಾಯಿತು.

"ಇನ್ನೊಬ್ಬರು ಬರೂಕಿಂತ ಮೊದಲ ಸೂಗವ್ವ ಅನ್ನೂದನ್ನ ಟ್ರೇಡ್‌ಮಾರ್ಕ್ ಮಾಡಿಸಿಬಿಡಬೇಕು," ಎಂದಳು ಮಲ್ಲಿಕಾ.

"ಮಾಡಸು. ಅವ್ವನ ಹೆಸರಿಗೆ ಒಂದು ಬೇಲಿ ಆಗ್ಲಿ."

ಬೇಲಿ ಆಯಿತು. ಆದರೆ ತಾನು ಬೇಲಿಯ ಹೊರಗಿದ್ದೇನೆಂದು ಸುಜಾತಾಗೆ ತಿಳಿದದ್ದು ಹೈದರಾಬಾದಿನಲ್ಲಿ.

ಅಲ್ಲಿ ವರ್ಷಕ್ಕೊಮ್ಮೆ ಈ ಆಟದವರ ಮೇಳ. ಈ ಸಲ ಹೋಗುವುದು ಬೇಡವೆಂದು ಮಲ್ಲಿಕಾ ಕಾರಣ ಹೇಳದೆ ಅಂದಿದ್ದಳು. ಹೊಸ ಎತ್ತುಗಳ ಜೋಡಿ ಮಾಡಿದ ಹುರುಪಿನಲ್ಲಿ ಸುಜಾತಾ ಒಬ್ಬಳೇ ಹೋದಳು. ಮೇಜು ಹಾಕಿ, ಹಿಂದೆ 'ಸೂಗವ್ವ' ಎಂದು ಬರೆಸಿದ ಬಟ್ಟೆ ಕಟ್ಟಿದಳು. ಜನ ಸೇರುವಷ್ಟರಲ್ಲಿ ಮೇಳ ನಡೆಸುವವನೊಬ್ಬ ಫೋನು ಹಿಡಿದು ಬಂದ. ಒಳ್ಳೆಯ ಹುಡುಗ, ತಲೆ ತಗ್ಗಿಸಿಯೇ ಮಾತಾಡಿದ. ಈ ಹೆಸರಿನ ಮಾಲಕರು ಆಕ್ಷೇಪ ಎತ್ತಿದ್ದಾರೆ, ನೀವು ಕೂಡಬಹುದು, ಹೆಸರು ಮಾತ್ರ ತೆಗೆಯಬೇಕು ಎಂದ. ವಿದೇಶದವರೇ ಮತ್ತೆ ತಗಾದೆ ತೆಗೆದರೆಂದು ಸುಜಾತಾ ತಿಳಿದಳು.

"ಯಾರ್ರೀ ಅವರು?"

ಹುಡುಗ ಮಲ್ಲಿಕಾಳ ಹೆಸರು ಹೇಳಿದ.

ಸುಜಾತಾ ಅಲ್ಲಿಂದಲೇ ಫೋನು ಹಚ್ಚಿದಳು. ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದರೆ ಫೋನೇ ಬಂದ್. ಎಲ್ಲರೂ ನೋಡುತ್ತಿರುವಾಗ ಕುರ್ಚಿಯ ಮೇಲೆ ಹತ್ತಿ, ಅವ್ವನ ಹೆಸರನ್ನು ತನ್ನ ಕೈಯಾರೆ ಇಳಿಸಿ ಮಡಚಿಟ್ಟಳು. ಆಮೇಲೆ ಬಂದವರು ಎತ್ತುಗಳನ್ನು ಎತ್ತಿ ನೋಡಿ, ಯಾವ ಕಂಪನಿ ಎಂದು ಕೇಳುತ್ತಿದ್ದರು. ಉತ್ತರ ಹೇಳಲಾಗದೆ ಸಂಜೆಯವರೆಗೆ ಕುಳಿತಿದ್ದಳು.

ಮರುದಿನ ಮನೆಗೂ ಹೋಗದೆ ನೇರ ದೇವದುರ್ಗಕ್ಕೆ ಹೋದಳು. ಮಲ್ಲಿಕಾ ಬಾಗಿಲಿಗೆ ಬಂದು, ಬಾ ಎಂದು ಕರೆದು ಚಹಾ ಮಾಡಿದಳು. ಕಳ್ಳಿಯ ಗಡಿಬಿಡಿ ಇರಲಿಲ್ಲ ಅವಳಲ್ಲಿ. ಇದ್ದಿದ್ದರೆ ಸುಜಾತಾಗೆ ಒಂದಿಷ್ಟು ಸಮಾಧಾನವಾದರೂ ಆಗುತ್ತಿತ್ತು.

"ಹೆಸರು ನನ್ನ ಮ್ಯಾಲ ಅದ," ಎಂದಳು. "ಪುಣೆದಾಗ ಒಂದು ದೊಡ್ಡ ಕಂಪನಿ ಕೇಳ್ತು. ಕೊಟ್ಟೀನಿ, ಕಾಗದ ಅಷ್ಟ ಇನ್ನೂ ಅವರ ಹೆಸರಿಗೆ ಆಗಿಲ್ಲ."

"ನಮ್ಮವ್ವನ ಹೆಸರು ಮಾರೀದಿ?"

"ಅವ್ವನ ಹೆಸರು ಅವ್ವನ ಹತ್ರನ ಅದ. ನಾ ಮಾರಿದ್ದು ಕಂಪನಿ ಹೆಸರು. ಅದನ್ನ ಬೆಳಿಸಿದಾಕಿ ನಾನು. ಗಿರಾಕಿ ಜೋಡಿ ಬಡಕೊಂಡಾಕಿ, ಆ ಫಾರಿನ್ ನೋಟಿಸಿಗೆ ಜವಾಬು ಕೊಟ್ಟಾಕಿ ಯಾರು? ನೀ ಬಾಗಲ ಹಾಕ್ಕೊಂಡು ಮೇಣ ತಿಕ್ಕಿದಿ."

"ಗೊಂಬಿ ಯಾರು ಮಾಡಿದ್ರು ಮಲ್ಲಿಕಾ?"

"ಯಾವ ಗೊಂಬಿ? ಒಂದರ ಮ್ಯಾಲರ ನಿನ್ನ ಹೆಸರದೇನು? ಅವ್ವನ ಹೆಸರದೇನು? ತಿರುವಿ ನೋಡಿದ್ರ ಬೋಳು. ಹಾಕಬ್ಯಾಡ ಅಂದಾಕಿ ನೀನ."

ಅಂದು ಕೈ ಹಿಡಿದು ಅತ್ತವಳೇ ಆ ಮಾತನ್ನು ಯಾರೋ ವಕೀಲರ ಮುಂದಿಟ್ಟು, ಇದು ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳಿರಬೇಕು. ಬರುತ್ತದೆ ಎಂದು ಅವರು ಹೇಳಿರಬೇಕು. ದುಡ್ಡು ಹೋಗಿದ್ದರೆ, ಗಿರಾಕಿ ಹೋಗಿದ್ದರೆ ಬೈದು ಎದ್ದುಬರಬಹುದಿತ್ತು. ಅವ್ವನ ಮೇಲಿನ ಪ್ರೀತಿಯನ್ನೇ ಹಗ್ಗ ಮಾಡಿ ಕುತ್ತಿಗೆಗೆ ಹಾಕಿದ್ದಳು ಈ ಪುಣ್ಯಾತಗಿತ್ತಿ.

ಮಲ್ಲಿಕಾ ಲೋಟ ಎತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. "ನಿನಗ ಕೈ ಅದ, ಕಸಬದ. ನನಗೇನದ ಸುಜಾತಾ? ಒಂದರ ನಂದು ಅನ್ನೂದು ಬ್ಯಾಡೇನು? ಪುಣೆಯವರಿಗೆ ನಿನ್ನ ಬಗ್ಗೆ ಹೇಳೀನಿ. ಅವರಿಗೇ ಗೊಂಬಿ ಮಾಡು, ಪಗಾರ ಛಲೋ ಕೊಡ್ತಾರ."

"ಅವ್ವನ ಕೈಯಾಗ ಉಂಡಾಕಿ ನೀನು," ಎಂದಳು ಸುಜಾತಾ. ಚಹಾ ಮುಟ್ಟದೆ ಎದ್ದಳು.

ರಾಯಚೂರಿನಲ್ಲಿ ಬಸವಪ್ರಸಾದ ಎಂಬ ವಕೀಲರಿದ್ದಾರೆ. ಹೊಲದ ಬದುವಿನ ಜಗಳ ಬಿಡಿಸಿ ಬಿಡಿಸಿ ಕೂದಲು ಹಣ್ಣಾದವರು. ಹೆಸರಿನ ಬದುವೂ ಅಂಥದೇ ಇರಬೇಕು ಬಿಡಿ ಎಂದು ನಕ್ಕು ಕಡತ ಬಿಚ್ಚಿದರು. ಓದುತ್ತ ಹೋದಂತೆ ನಗು ಇಳಿಯಿತು. ಅಂಗಡಿ, ಡಬ್ಬಿ, ಕೊರಿಯರ್ ಎಲ್ಲ ಎದುರಿನವರ ಹೆಸರಲ್ಲಿ; ಗೊಂಬೆಯ ಮೇಲೆ ನೋಡಿದರೆ ಗುರುತಿಲ್ಲ. ಕನ್ನಡಕ ಒರೆಸಿ ಕೇಳಿದರು:

"ಈ ಸೂಗಮ್ಮ ಅನ್ನೋರು ಬದುಕ್ಯಾರೇನು?"

"ಬದುಕ್ಯಾಳ್ರಿ! ಮಾನ್ವಿದಾಗ ಅದಾಳ."

"ಹಂಗಾರ ತಡೀರಿ. ಬದುಕಿದ್ದವರ ಹೆಸರು ಬರಸಾಕ ಹೋದ್ರ ಅವರ ಒಪ್ಪಿಗಿ ಕೇಳ್ತಾರ. ನಾ ಒಪ್ಪಿಲ್ಲ ಅಂತ ನಿಮ್ಮವ್ವ ಒಂದು ಮಾತು ಅಂದ್ರ ಸಾಕು, ಅವರ ಬುಡ ಅಳ್ಳಾಡತದ."

ಸುಜಾತಾ ಬಸ್ಸಿನಲ್ಲಿ ನಗುತ್ತಲೇ ಹೋದಳು. ಅರ್ಧ ದಾರಿ ಬರುವಷ್ಟರಲ್ಲಿ ಮನಸ್ಸಿನಲ್ಲೇ ಕೇಸು ಗೆದ್ದಾಗಿತ್ತು. ಯಾರು ಕೈಬಿಟ್ಟರೇನು, ಹೆಸರಿನ ನಿಜವಾದ ಒಡತಿ ಮನೆಯಲ್ಲೇ ಕುಳಿತಿದ್ದಾಳಲ್ಲ!

ಸೂಗಮ್ಮ ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದಳು. ಮಗಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ತಾಯಿ ಚೊಂಬು ಕೆಳಗಿಟ್ಟು ಕಟ್ಟೆಯ ಮೇಲೆ ಕುಳಿತಳು.

"ಬಂದಿದ್ಲು ಮಲ್ಲಿಕಾ. ಆ ನೋಟಿಸು ಬಂದು ಹೋದ ಮ್ಯಾಲ. ಒಪ್ಪಿಗಿ ಕಾಗದಕ್ಕ ದಸ್ಕತ್ತು ಮಾಡಿ ಕೊಟ್ಟೀನಿ."

"ಏನಂತ ಸುಳ್ಳು ಹೇಳಿದ್ಲು ನಿನಗ?"

"ಸುಳ್ಳೇನೂ ಹೇಳಲಿಲ್ಲವ್ವಾ. ಓದಿ ಹೇಳಿದ್ಲು. ತನ್ನ ಹೆಸರಿಗೆ ಮಾಡಸ್ತೀನಿ ಅಂತ ಹೇಳೇ ಮಾಡಿಸ್ಕೊಂಡು ಹೋದ್ಲು."

ಸುಜಾತಾಗೆ ಮೊದಲು ಅರ್ಥವೇ ಆಗಲಿಲ್ಲ. ಮತ್ತೆ ಕೇಳಿದಳು. ಸೂಗಮ್ಮ ತಗ್ಗಿದ ದನಿಯಲ್ಲಿ, ಆದರೆ ಒಂದನ್ನೂ ಮುಚ್ಚಿಡದೆ ಹೇಳಿದಳು. ಆಕೆಯ ಅಪ್ಪ ಮಲ್ಲಟದಲ್ಲಿ ಯಾರದೋ ಬಣವೆ ಸುಟ್ಟ ಜಗಳಕ್ಕೆ ಸಾಕ್ಷಿ ಎಂದು ಹೆಬ್ಬೆಟ್ಟು ಒತ್ತಿದ್ದ. ಅದೊಂದಕ್ಕೇ ಮುದುಕನಾಗುವವರೆಗೆ ರಾಯಚೂರಿನ ಕಚೇರಿಗೆ ಅಲೆದ. ಕರೆ ಬಂದ ದಿನ ಕೂಲಿ ಇಲ್ಲ, ಕೂಲಿ ಇಲ್ಲದ ದಿನ ಒಲೆ ಇಲ್ಲ. ಅಂದಿನಿಂದ ಆ ಮನೆಯಲ್ಲಿ ಒಂದೇ ಪಾಠ. ಯಾವ ಕಾಗದದಲ್ಲೂ ನಮ್ಮವರ ಹೆಸರು ಬರಬಾರದು.

"ಆ ನೋಟಿಸಿಗೆ ನೀ ಎಷ್ಟು ಅಂಜಿದ್ದಿ! ಇಲ್ಲೇ ಕುಂತು ಅತ್ತಿ. ನಾಳೆ ಇನ್ನೊಬ್ಬರು ಕೋರ್ಟಿಗೆ ಎಳದ್ರ, ಕಾಗದದಾಗ ಹೆಸರಿದ್ದಾಕಿನ್ನ ಎಳೀಲಿ ಅಂದ್ಕೊಂಡೆ. ನನ್ನ ದಸ್ಕತ್ತು ಇದ್ರ ಇರ್ಲಿ, ನಿನ್ನ ಹೆಸರು ಬರೂದು ಬ್ಯಾಡಾಗಿತ್ತು. ಮಲ್ಲಿಕಾಗ ಹೊಲ ಅದ, ಅಣ್ಣತಮ್ಮರದಾರ, ಅಕಿ ತಡಕೋತಾಳ. ಮಂದಿ ಮಗಳನ್ನ ಮುಂದ ನೂಕಿ ನನ್ನ ಮಗಳನ್ನ ಹಿಂದ ಇಟ್ಕೊಂಡೆ. ಪಾಪ, ನನ್ನ ನಂಬಿದ ಹುಡುಗಿಗೆ ಮೋಸ ಮಾಡಿದ್ನೆಲ್ಲಾ ಅಂತ ಇಷ್ಟು ದಿನ ಅಕಿಗೆ ಮಾರಿ ತೋರಸಾಕ ನಾಚಿಕಿ ಆಗತಿತ್ತು."

"ನನ್ನ ಯಾಕ ಕೇಳಲಿಲ್ಲ?"

"ಕೇಳಿದ್ರ ನೀ ಬ್ಯಾಡಂತಿದ್ದಿ."

ಮಲ್ಲಿಕಾ ಮಾಡಿದ್ದನ್ನು ಕೇಳಿದಾಗ ಸುಜಾತಾಗೆ ಸಿಟ್ಟು ಬಂದಿತ್ತು. ಈಗ ಸಿಟ್ಟೂ ಬರಲಿಲ್ಲ. ತಾನು ಬೆವರು ಸುರಿಸಿ ಕಟ್ಟಿದ್ದನ್ನು ತನ್ನ ಬೆನ್ನ ಹಿಂದೆ ಇಬ್ಬರೂ ಕೂಡಿ ಇನ್ನೊಂದು ಮಡಿಲಿಗೆ ಹಾಕಿದ್ದರು. ಒಬ್ಬಳು ಆಸೆಗೆ, ಒಬ್ಬಳು ಅಂಜಿಕೆಗೆ. ಕೇಳಬೇಕೆಂದು ಇಬ್ಬರಲ್ಲಿ ಒಬ್ಬಳಿಗೂ ಅನ್ನಿಸಲಿಲ್ಲ.

ವಕೀಲರಿಗೆ ಫೋನು ಹಚ್ಚಿ, ಅವ್ವನಿಗೂ ಕೇಳಲೆಂದು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಸವಪ್ರಸಾದರು ಎದೆಗುಂದಲಿಲ್ಲ.

"ನಿಮ್ಮವ್ವ ಏನು ಮಾಡ್ತಾರ? ಅಡಗಿ ಕೆಲಸ ಅಲ್ಲೇನು? ಶಾಲಿ ಕಲ್ತಿಲ್ಲ. ನನಗೇನೂ ತಿಳೀಲಿಲ್ಲ, ಮೋಸ ಮಾಡಿ ಸಹಿ ಹಾಕಿಸ್ಕೊಂಡ್ರು ಅಂತ ಅನ್ಲಿ. ಯಾರರ ಕೇಳಿದ್ರ ಅಳ್ಲಿ. ಖಾತ್ರಿ ನಂಬ್ತಾರ್ರಿ."

ನಂಬುತ್ತಾರೆ. ಇಂಥವರಿಗೆ ಏನೂ ತಿಳಿಯುವುದಿಲ್ಲ ಎಂದರೆ ನಂಬದವರು ಯಾವ ಕಚೇರಿಯಲ್ಲಿದ್ದಾರೆ? ಅದಕ್ಕೆ ಪುರಾವೆ ಬೇಕೆಂದು ಇದುವರೆಗೆ ಯಾರೂ ಕೇಳಿದ್ದಿಲ್ಲ.

ಫೋನು ಇಟ್ಟ ಕೂಡಲೇ ಸೂಗಮ್ಮನ ಮುಖ ಅರಳಿತು. "ಇಷ್ಟೇನು? ಅಂತೀನಿ ಬಿಡು. ನನ್ನಿಂದ ಹೋಗಿದ್ದು ನನ್ನಿಂದನ ಬರ್ಲಿ," ಎಂದು ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಬೆನ್ನು ಬಗ್ಗಿತು, ಎರಡೂ ಕೈ ಎದೆಯ ಹತ್ತಿರ ಕೂಡಿದವು. ಗೋಡೆಯ ಕಡೆ ಮುಖ ಮಾಡಿ, ಅಲ್ಲಿ ಯಾರೋ ದೊಡ್ಡ ಸಾಹೇಬರು ಕುಳಿತಿದ್ದಾರೆಂಬಂತೆ ಹೇಳಿದಳು:

"ನಾ ಅಡಾಣಿ ಅದೀನ್ರಿಯಪ್ಪಾ, ಓದಾಕ ಬರೂದಿಲ್ಲರಿ. ನನಗೇನೂ ತಿಳಿದಿದ್ದಿಲ್ಲರಿ."

ಆ ದನಿಯನ್ನು ಸುಜಾತಾ ತಾಯಿಯ ಬಾಯಲ್ಲಿ ಎಂದೂ ಕೇಳಿರಲಿಲ್ಲ. ತಾನು ಹುಟ್ಟುವ ಮೊದಲು ಈ ಹೆಂಗಸು ಯಾರ್ಯಾರ ಅಂಗಳದಲ್ಲಿ ಹೀಗೆ ನಿಂತಿದ್ದಳೋ. ಕಲಿತದ್ದು ಮರೆತಿರಲಿಲ್ಲ. ಸೂಗಮ್ಮ ಮಗಳ ಕಡೆ ತಿರುಗಿ, "ಹಿಂಗ ಅಂದ್ರ ಸರಿ ಏನವ್ವಾ?" ಎಂದು ಕೇಳಿ, ಇನ್ನೂ ಒಂದಿಷ್ಟು ಬಗ್ಗಿ ಅದನ್ನೇ ಮತ್ತೆ ಹೇಳತೊಡಗಿದಳು.

"ಸಾಕು," ಎಂದಳು ಸುಜಾತಾ.

"ಯಾಕ? ಅಳಬೇಕೇನು?"

"ಬ್ಯಾಡ. ನಿನಗ ತಿಳಿದಿತ್ತು. ತಿಳಿದ ಮಾಡೀದಿ. ಹಂಗ ಇರ್ಲಿ."

"ಹೆಸರು ಹೋಗತದಲ್ಲವ್ವಾ?"

"ಹೋಗ್ಲಿ."

ಸೂಗಮ್ಮನ ಕೈಗಳು ಇನ್ನೂ ಎದೆಯ ಹತ್ತಿರವೇ ಇದ್ದವು. ಸುಜಾತಾ ಅವನ್ನು ಬಿಡಿಸಿ ಕೆಳಗಿಳಿಸಿದಳು. ಆದರೆ ತಾಯಿಯ ಮುಖ ನೋಡಲಿಲ್ಲ, ನೋಡುವ ಮನಸ್ಸೂ ಆಗಲಿಲ್ಲ. ತಾಯಿ ಒಳಗೆ ಹೋಗಿ ರೊಟ್ಟಿ ತಟ್ಟಿದಳು. ಮಗಳು ಕೈ ತೊಳೆದು, ತಲೆ ಎತ್ತದೆ ಉಂಡು, ಸಂಜೆಯ ಬಸ್ಸಿಗೆ ರಾಯಚೂರಿಗೆ ಹೋದಳು.